ಆರ್ಡರ್ ಶೀಟಿನಲ್ಲಿ ‘ನಕಲು ಕೊಡಲಾಗಿದೆ’, ಕೈಯಲ್ಲಿ ಅರ್ಧ ಚಾರ್ಜ್‌ಶೀಟ್: ಆರೋಪಿ ಪರ ವಕೀಲರು ಏನು ಮಾಡಬೇಕು?

ಹೊಸ ಸನ್ನದು:

ತಾಲ್ಲೂಕು ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟ್. ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 303(2), 115(2), 351(2), ಅಂದರೆ ಕಳವು, ಗಾಯಪಡಿಸಿದ್ದು, ಬೆದರಿಕೆ. ಆರೋಪಿ ಜಾಮೀನಿನ ಮೇಲೆ ಹೊರಗಿದ್ದಾನೆ, ಚಾರ್ಜ್‌ಶೀಟ್ ಬಂದು ಸಿ.ಸಿ. (ಕ್ರಿಮಿನಲ್ ಕೇಸ್) ನಂಬರ್ ಆಗಿದೆ. ಮೊದಲ ಹಾಜರಿಯ ದಿನ ಕೋರ್ಟ್ ಪಿ.ಸಿ. (ಕೋರ್ಟ್ ಕೆಲಸದ ಪೊಲೀಸ್ ಕಾನ್‌ಸ್ಟೆಬಲ್) ಒಂದು ಕಟ್ಟು ಕೊಟ್ಟು ಆರೋಪಿಯ ಸಹಿ ಹಾಕಿಸಿಕೊಂಡರು. ಆರ್ಡರ್ ಶೀಟಿನಲ್ಲಿ ‘ದೋಷಾರೋಪಣ ಪಟ್ಟಿಯ ನಕಲು ಕೊಡಲಾಗಿದೆ, ಎಚ್‌ಬಿಸಿಗೆ’ (ಆರೋಪ ಹೊರಿಸುವ ಮುನ್ನದ ವಿಚಾರಣೆಗೆ) ಎಂದು ಬರೆದು ವಾಯಿದೆ ಹಾಕಿದ್ದಾರೆ. ಕಟ್ಟು ಬಿಚ್ಚಿದರೆ ಚಾ.ಸಾ. (ಚಾರ್ಜ್‌ಶೀಟ್ ಸಾಕ್ಷಿ) 5ರಿಂದ 9ರವರ ಹೇಳಿಕೆ ಇಲ್ಲ, ಸ್ಥಳ ಮಹಜರಿನ ಎರಡನೇ ಪುಟ ಇಲ್ಲ, ಪಿ.ಎಫ್.ನಲ್ಲಿ (ವಶಪಡಿಸಿಕೊಂಡ ವಸ್ತುಗಳ ಪಟ್ಟಿ) ತೋರಿಸಿರುವ ಅಂಗಡಿ ಸಿಸಿಟಿವಿಯ ಪೆನ್‌ಡ್ರೈವ್ ಪ್ರತಿ ಅಂತೂ ಇಲ್ಲವೇ ಇಲ್ಲ.

ಎಪಿಪಿಯವರು (ಸಹಾಯಕ ಸರ್ಕಾರಿ ಅಭಿಯೋಜಕರು) ‘ತನಿಖಾಧಿಕಾರಿಯನ್ನು ಕೇಳಿ’ ಅಂತಾರೆ. ಠಾಣೆಯವರು ‘ಎಲ್ಲಾ ಕೋರ್ಟಿಗೆ ಕೊಟ್ಟಾಯ್ತು’ ಅಂತಾರೆ. ನಕಲು ವಿಭಾಗದಲ್ಲಿ ಅರ್ಜಿ ಹಾಕಿದರೆ ‘ಫೈಲ್ ಬೆಂಚ್ ಮೇಲಿದೆ’ ಎಂದು ವಾಪಸ್. ಠಾಣೆಗೆ ಹಾಕಿದ ಆರ್‌ಟಿಐ ಅರ್ಜಿಗೆ 8(1)(ಎಚ್), ಅಂದರೆ ‘ತನಿಖೆಗೆ ಅಡ್ಡಿ’, ಹೇಳಿ ತಿರಸ್ಕಾರ. ಮೇಲಿಂದ ಪಿರ್ಯಾದಿಯ ಕಡೆ ನಿಂತಿರುವವರು ನಮ್ಮ ವಕೀಲರ ಸಂಘದ ಅಧ್ಯಕ್ಷರೇ. ‘ಸಾಹೇಬರಿಗೆ (ನ್ಯಾಯಾಧೀಶರಿಗೆ) ಅವರು ಬೇಕಾದವರು, ಸುಮ್ಮನೆ ಎದುರು ಹಾಕಿಕೊಳ್ಳಬೇಡ’ ಎಂದು ಹಿರಿಯರ ಬುದ್ಧಿಮಾತು ಬೇರೆ.

ಯಾವ ಕಾಗದಕ್ಕೆ ಯಾವ ಬಾಗಿಲು ತಟ್ಟಬೇಕು, ಯಾವುದು ಮೊದಲು? ಅಧ್ಯಕ್ಷರ ವಿಷಯವನ್ನು ಎತ್ತಬೇಕೋ ಬಿಡಬೇಕೋ?

ಕಚೇರಿ ಕಟ್ಟೆ:

ಕಾಗದಕ್ಕಿಂತ ಮೊದಲು ದಿನ ಎಣಿಸಿ. ಕಲಂ 303(2)ಕ್ಕೆ ಮೂರು ವರ್ಷದವರೆಗೆ ಶಿಕ್ಷೆ ಇರುವುದರಿಂದ ಇದು ವಾರಂಟ್ ಕೇಸು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) 262(1)ರ ಪ್ರಕಾರ ಡಿಸ್ಚಾರ್ಜ್ (ವಿಚಾರಣೆಗೆ ಮುನ್ನವೇ ಕೈಬಿಡುವ) ಅರ್ಜಿಗೆ 60 ದಿನ, ಅದೂ 230ರ ಕೆಳಗೆ ನಕಲು ಕೊಟ್ಟ ದಿನದಿಂದ. ಹಳೇ ಸಿಆರ್‌ಪಿಸಿ 239ರಲ್ಲಿ ಈ ಗಡುವು ಇರಲಿಲ್ಲ. ಹಾಗಾಗಿ ‘ನಕಲು ಕೊಡಲಾಗಿದೆ’ ಎಂಬ ಆ ಒಂದು ಸಾಲಿಗೆ 2024ರ ಜುಲೈ 1ರಿಂದ ಇನ್ನೊಂದು ತೂಕ ಬಂದಿದೆ. ನೀವು ಬಾಯಲ್ಲಿ ಎಷ್ಟು ಸಲ ‘ಸರಿಯಾಗಿ ಬಂದಿಲ್ಲ ಸ್ವಾಮಿ’ ಎಂದರೂ ದಾಖಲೆಯಲ್ಲಿ ಇರುವುದು ಆ ಸಾಲು, ಅದರ ಕೆಳಗೆ ನಿಮ್ಮ ಕಕ್ಷಿದಾರನ ಸಹಿ. (ಸೆಷನ್ಸ್ ಕೇಸಾದರೆ 250(1)ರ 60 ದಿನ ಕೇಸು ಸೆಷನ್ಸ್ ಕೋರ್ಟಿಗೆ ಒಪ್ಪಿಸಿದ (ಕಮಿಟಲ್) ದಿನದಿಂದ, ಅದು ಬೇರೆ ಲೆಕ್ಕ.)

ಆದ್ದರಿಂದ ಮುಂದಿನ ವಾಯಿದೆಯವರೆಗೂ ಕಾಯಬೇಡಿ. ವಾಯಿದೆ ಮುಂಚಿತ (ಅಡ್ವಾನ್ಸ್) ಮಾಡಿಸಿ ಒಂದು ಮೆಮೊ ಹಾಕಿ. ಮೆಮೊ ಚಿಕ್ಕದಿರಲಿ, ಬೈಗುಳ ಬೇಡ:

‘ಆರೋಪಿಗೆ ದಿ. …ರಂದು ಕೊಟ್ಟಿರುವ ನಕಲುಗಳನ್ನು ದೋಷಾರೋಪಣ ಪಟ್ಟಿಯ ಅನುಕ್ರಮಣಿಕೆಯೊಂದಿಗೆ ತಾಳೆ ನೋಡಲಾಗಿ ಈ ಕೆಳಕಂಡವು ಬಂದಿರುವುದಿಲ್ಲ: ಚಾ.ಸಾ. 5ರಿಂದ 9ರವರ ಹೇಳಿಕೆಗಳು, ದಿ. …ರ ಸ್ಥಳ ಮಹಜರಿನ 2ನೇ ಪುಟ, ಪಿ.ಎಫ್. ಸಂಖ್ಯೆ …ರ ಬಾಬ್ತು 3, ಪೆನ್‌ಡ್ರೈವ್‌ನ ಪ್ರತಿ. ಇವುಗಳನ್ನು ಪೂರೈಸಿದ ದಿನವನ್ನೇ ಕಲಂ 230ರ ಪಾಲನೆಯ ದಿನವೆಂದು ಆರ್ಡರ್ ಶೀಟಿನಲ್ಲಿ ನಮೂದಿಸಬೇಕಾಗಿ ಪ್ರಾರ್ಥನೆ.’

ಕೊನೆಯ ವಾಕ್ಯಕ್ಕಾಗಿಯೇ ಈ ಮೆಮೊ. ಎಪಿಪಿಗೆ ಒಂದು ಪ್ರತಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಕೇಸು ಕರೆದಾಗ ‘ಮೆಮೊ ಹಾಕಿದ್ದೇವೆ, ಆರ್ಡರ್ ಶೀಟಿನಲ್ಲಿ ದಾಖಲಾಗಲಿ’ ಎಂದು ನಿಂತು ಕೇಳಿ. ಸಂಜೆ ಬೆಂಚ್ ಕ್ಲರ್ಕ್ ಹತ್ತಿರ ಆ ಸಾಲು ಬಂದಿದೆಯೇ ನೋಡಿ. ಇ-ಕೋರ್ಟ್ಸ್‌ನಲ್ಲಿ ಕಾಣುವ ‘ಬಿಸಿನೆಸ್’ ಸಾಲನ್ನು ನಂಬಿ ಕೂರಬೇಡಿ. ಅದು ಸಿಬ್ಬಂದಿ ಟೈಪ್ ಮಾಡುವ ಸಾರಾಂಶ. ಸಾಹೇಬರ ಸಹಿ ಇರುವುದು ಆರ್ಡರ್ ಶೀಟಿನ ಮೇಲೆ.

ಇನ್ನು ಒಂದೊಂದು ಕಾಗದ ಏಕೆ ಇರುವುದಿಲ್ಲ ಅನ್ನುವುದಕ್ಕೂ ಕಾರಣ ಇರುತ್ತದೆ. ಮಹಜರನ್ನು ಹಾಳೆಯ ಎರಡೂ ಮಗ್ಗುಲು ಬರೆದಿರುತ್ತಾರೆ, ಜೆರಾಕ್ಸ್ ಅಂಗಡಿಯವನು ಮುಂಭಾಗ ಮಾತ್ರ ತೆಗೆದಿರುತ್ತಾನೆ. ಆದರೆ ಮಹಜರು ಮುಗಿದ ಹೊತ್ತು, ಪಂಚರ ಸಹಿ, ‘ಸ್ಥಳದಲ್ಲಿಯೇ ಬರೆದು ಓದಿ ಹೇಳಲಾಯಿತು’ ಎಂಬ ಮಾತು ಇರುವುದು ಆ ಹಿಂಭಾಗದಲ್ಲೇ. ಪಾಟೀ ಸವಾಲಿಗೆ ಬೇಕಾಗುವುದೂ ಅದೇ.

ಚಾ.ಸಾ. 5ರಿಂದ 9ರ ಹೇಳಿಕೆಗಳು ಕಟ್ಟಿನಲ್ಲಿ ಇಲ್ಲವೋ, ಬರೆದೇ ಇಲ್ಲವೋ? ‘ಚಾ.ಸಾ. 4ರವರಂತೆಯೇ ಹೇಳಿಕೆ ನೀಡಿರುತ್ತಾರೆ’ ಎಂದು ಒಟ್ಟಿಗೆ ಮುಗಿಸುವ ತನಿಖಾಧಿಕಾರಿಗಳು ಇದ್ದಾರೆ. ಹೇಳಿಕೆಯನ್ನು ಬರಹಕ್ಕಿಳಿಸಿದರೆ ಪ್ರತಿಯೊಬ್ಬರದ್ದೂ ಪ್ರತ್ಯೇಕವಾಗಿ ಇರಬೇಕು ಎಂದು 180(3) ಹೇಳುತ್ತದೆ. ಇಲ್ಲವೆಂದಾದರೆ ‘ಬೇರೆ ಹೇಳಿಕೆ ಇಲ್ಲ’ ಎಂದು ಎಪಿಪಿಯಿಂದ ಬರಹದಲ್ಲಿ ಬರಲಿ. ಸಿಕ್ಕ ಹೇಳಿಕೆಗಿಂತ ಆ ಒಂದು ಸಾಲೇ ನಿಮಗೆ ಹೆಚ್ಚು ಉಪಯೋಗ.

ಪೆನ್‌ಡ್ರೈವ್ ವಿಚಾರ: 2019ರ ನವೆಂಬರ್ 29ರ ಪಿ. ಗೋಪಾಲಕೃಷ್ಣನ್ ವಿರುದ್ಧ ಕೇರಳ ರಾಜ್ಯ ತೀರ್ಪಿನಲ್ಲಿ ಮೆಮೊರಿ ಕಾರ್ಡಿನಲ್ಲಿ ಇರುವುದು ‘ದಾಖಲೆ’, ಆರೋಪಿಗೆ ಅದರ ಕ್ಲೋನ್ ಪ್ರತಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಸಂತ್ರಸ್ತೆಯ ಖಾಸಗಿತನದ ಪ್ರಶ್ನೆ ಇದ್ದರೆ ನೋಡಲು ಮಾತ್ರ ಅವಕಾಶ. ಆ ಪ್ರಕರಣದಲ್ಲಿ ಆಗಿದ್ದೂ ಅದೇ. ಅಂಗಡಿ ಸಿಸಿಟಿವಿಗೆ ಆ ತೊಡಕಿಲ್ಲ. ಅರ್ಜಿಯಲ್ಲಿ ಮೂರು ವಿಷಯ ಬಿಡಿಸಿ ಕೇಳಿ: ಕ್ಲೋನ್ (ಯಥಾವತ್) ಪ್ರತಿ, ಮೂಲದ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು), ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ (ಬಿಎಸ್‌ಎ) 63(4)ರ ಪ್ರಮಾಣಪತ್ರದ ಭಾಗ ಎ ಮತ್ತು ಭಾಗ ಬಿ ಎರಡೂ. ಭಾಗ ಬಿ ತಜ್ಞರ ಸಹಿಯದ್ದು, ಅದೇ ಸಾಮಾನ್ಯವಾಗಿ ಕಾಣೆ. ಸೀಲು ಒಡೆದು ಕೋರ್ಟ್ ಕಂಪ್ಯೂಟರಿಗೆ ಚುಚ್ಚಿ ಹೊಸ ಪೆನ್‌ಡ್ರೈವ್‌ಗೆ ಎಳೆದು ಕೊಡುತ್ತೇವೆ ಎಂದರೆ ಒಪ್ಪಬೇಡಿ. ಹಾಗೆ ತೆರೆದರೆ ಮೂಲ ಡ್ರೈವ್‌ನಲ್ಲೇ ಹೊಸ ಗುರುತು ಬೀಳಬಹುದು, ಹ್ಯಾಶ್ ತಾಳೆಯಾಗದೆ ಹೋಗಬಹುದು. ಆಮೇಲೆ ‘ತಿದ್ದಿದ್ದು ಯಾರು’ ಎಂಬ ಜಗಳದಲ್ಲಿ ನೀವೂ ಒಬ್ಬ ಪಾಲುದಾರ.

ತನಿಖೆಯಲ್ಲಿ ಸಂಗ್ರಹಿಸಿ ಚಾರ್ಜ್‌ಶೀಟಿನಲ್ಲಿ ಅವಲಂಬಿಸದೆ ಬಿಟ್ಟವುಗಳ ಪಟ್ಟಿಯನ್ನೂ ಕೇಳಿ. ಕ್ರಿಮಿನಲ್ ವಿಚಾರಣೆಗಳ ಕೊರತೆ ಕುರಿತು ಸುಪ್ರೀಂ ಕೋರ್ಟ್ ತಾನಾಗಿ ಎತ್ತಿಕೊಂಡ ಪ್ರಕರಣದ 2021ರ ಏಪ್ರಿಲ್ 20ರ ಆದೇಶ, 2022ರ ಮನೋಜ್ ವಿರುದ್ಧ ಮಧ್ಯಪ್ರದೇಶ ತೀರ್ಪು ಎರಡೂ ಈ ಪಟ್ಟಿಯ ಬಗ್ಗೆಯೇ ಇವೆ. ಕೋರ್ಟಿಗೆ ಬಂದು ಗುರುತು ಹಾಕದೆ ಬಿದ್ದಿರುವ ಕಾಗದವನ್ನು ನೋಡಬೇಕೆಂದರೆ 2012ರ ವಿ.ಕೆ. ಶಶಿಕಲಾ ತೀರ್ಪು. ಅದು ಹುಟ್ಟಿದ್ದೇ ಬೆಂಗಳೂರಿನ ವಿಶೇಷ ನ್ಯಾಯಾಲಯದ ಕಡತದಿಂದ.

ನಿವೃತ್ತ ಶಿರಸ್ತೇದಾರ:

ನಕಲು ವಿಭಾಗದವರು ಬೇಕೆಂದೇ ಸತಾಯಿಸುತ್ತಾರೆ ಎಂದು ವಕೀಲರು ತಿಳಿಯುತ್ತಾರೆ. ಕೆಲವೊಮ್ಮೆ ಹೌದು. ಬಹುಪಾಲು ಅರ್ಜಿಗಳು ವಾಪಸಾಗುವುದು ಅರ್ಜಿಯಲ್ಲೇ ಇರುವ ತಪ್ಪಿನಿಂದ.

‘ಫೈಲ್ ಬೆಂಚ್ ಮೇಲಿದೆ’ ಎಂದರೆ ಆರ್ಡರ್ ಶೀಟಿಗೆ ಸಹಿ ಆಗಿಲ್ಲ, ಅಥವಾ ಕೇಸ್ ವರ್ಕರ್ ಮುಂದಿನ ವಾಯಿದೆಯ ಕಟ್ಟಿಗೆ ಸೇರಿಸಿಲ್ಲ ಎಂದರ್ಥ. ಅದು ಅರ್ಜಿ ವಾಪಸ್ ಮಾಡಲು ಕಾರಣವಲ್ಲ. ಅರ್ಜಿ ತೆಗೆದುಕೊಂಡು ಸಿ.ಎ. (ನಕಲು ಅರ್ಜಿ) ನಂಬರ್ ಹಾಕಿ, ಕಡತ ಕಳಿಸಿ ಎಂದು ಬೆಂಚಿಗೆ ಚೀಟಿ ಕಳಿಸುವುದು ನಕಲು ವಿಭಾಗದ ಕೆಲಸ. ನೀವು ಕೇಳಬೇಕಾದ್ದು ಇಷ್ಟೇ: ‘ಅರ್ಜಿ ಸ್ವೀಕರಿಸಿ ನಂಬರ್ ಕೊಡಿ, ಕಡತ ಬಂದಾಗ ಮಾಡಿ.’ ನಂಬರ್ ಬಿದ್ದರೆ ಅದು ರಿಜಿಸ್ಟರಿನಲ್ಲಿ ಬಾಕಿಯೆಂದು ಕಾಣುತ್ತದೆ. ಜಿಲ್ಲಾ ನ್ಯಾಯಾಧೀಶರ ತಪಾಸಣೆಯಲ್ಲಿ ಆ ಬಾಕಿಗೆ ಉತ್ತರ ಕೊಡಬೇಕಾಗುತ್ತದೆ. ನಂಬರ್ ಇಲ್ಲದ ಅರ್ಜಿ ಯಾರ ಲೆಕ್ಕಕ್ಕೂ ಇಲ್ಲ.

ಅರ್ಜಿಯಲ್ಲಿ ‘ಕಡತದ ಎಲ್ಲಾ ದಾಖಲೆಗಳ ನಕಲು’ ಎಂದು ಬರೆಯಬೇಡಿ. ಯಾವ ದಿನಾಂಕದ ಆರ್ಡರ್ ಶೀಟ್, ಎಷ್ಟನೇ ಪ್ರಾ.ಸಾ. (ಪ್ರಾಸಿಕ್ಯೂಷನ್ ಸಾಕ್ಷಿ) ಹೇಳಿಕೆ, ಯಾವ ನಿ.ಪಿ. (ಪ್ರಾಸಿಕ್ಯೂಷನ್ ಗುರುತಿಸಿದ ದಾಖಲೆ) ಎಂದು ಬಿಡಿಬಿಡಿಯಾಗಿ ಬರೆಯಿರಿ. ಸಿ.ಸಿ. ನಂಬರ್ ಜೊತೆ ಠಾಣೆಯ ಕ್ರೈಂ ನಂಬರ್, ಸಿಎನ್‌ಆರ್‌ನ (ಇ-ಕೋರ್ಟ್ಸ್ ಕೇಸ್ ಸಂಖ್ಯೆ) 16 ಅಕ್ಷರಾಂಕ, ಮುಂದಿನ ವಾಯಿದೆ ಬರೆದರೆ ಹುಡುಕುವವರಿಗೆ ಅರ್ಧ ಕೆಲಸ ಕಡಿಮೆ. ಕಡತದಲ್ಲಿ ನಿಮ್ಮ ವಕಾಲತ್ತು ಸೇರಿದೆಯೇ ನೋಡಿಕೊಳ್ಳಿ. ಜಾಮೀನು ಅರ್ಜಿಯ ಕಡತದಲ್ಲಿರುವ ವಕಾಲತ್ತು ಸಿ.ಸಿ. ಕಡತಕ್ಕೆ ತಾನಾಗಿ ಬರುವುದಿಲ್ಲ. ಪಕ್ಷಕಾರರಲ್ಲದವರು ಕೇಳಿದರೆ ಕಾರಣ ಹೇಳಿ ಪ್ರಮಾಣಪತ್ರ ಹಾಕಬೇಕು, ಅದು ಸಾಹೇಬರ ಆದೇಶಕ್ಕೆ ಹೋಗುತ್ತದೆ.

ಸ್ಪ್ಲಿಟ್ ಅಪ್ ಕೇಸುಗಳಲ್ಲಿ ಎಲ್ಲರೂ ಎಡವುತ್ತಾರೆ. ಒಬ್ಬ ಆರೋಪಿ ತಲೆಮರೆಸಿಕೊಂಡರೆ ಅವನ ಮೇಲಿನ ಕೇಸನ್ನು ಬೇರ್ಪಡಿಸಿ ಹೊಸ ಸಿ.ಸಿ. ನಂಬರ್ ಕೊಡುತ್ತಾರೆ. ಮೂಲ ಮಹಜರು, ಮೂಲ ದೂರು, ಮು.ಮಾ. (ಮುದ್ದೆಮಾಲು) ಎಲ್ಲವೂ ಹಳೇ ನಂಬರಿನ ಕಡತದಲ್ಲೇ ಇರುತ್ತವೆ. ಹಳೇ ಕೇಸು ತೀರ್ಮಾನವಾಗಿದ್ದರೆ ಅದು ರೆಕಾರ್ಡ್ ರೂಮಿನಲ್ಲಿರುತ್ತದೆ. ಹೊಸ ನಂಬರಿಗೆ ನಕಲು ಅರ್ಜಿ ಹಾಕಿದರೆ ‘ಕಡತದಲ್ಲಿ ಲಭ್ಯವಿಲ್ಲ’ ಎಂಬ ಹಿಂಬರಹ ಬರುತ್ತದೆ. ದಾಖಲೆ ಕಳೆದಿದೆ ಎಂದು ಗಾಬರಿಯಾಗಿ ಅರ್ಜಿ ಮೇಲೆ ಅರ್ಜಿ ಹಾಕುತ್ತಾರೆ. ಎರಡೂ ನಂಬರ್ ಬರೆಯಿರಿ.

ನಕಲು ಕೈಗೆ ಬಂದ ಮೇಲೆ ಕೊನೆಯ ಪುಟದ ಹಿಂಬದಿಯ ಮೊಹರು ಓದಿ: ಅರ್ಜಿ ಹಾಕಿದ ದಿನ, ಶುಲ್ಕ ಕೇಳಿದ ದಿನ, ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ. ತೀರ್ಪಿನ ನಕಲಾದರೆ ಮೇಲ್ಮನವಿಯ ಲೆಕ್ಕ ಈ ದಿನಾಂಕಗಳ ಮೇಲೆಯೇ ನಿಂತಿರುತ್ತದೆ. ಸೆಷನ್ಸ್ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 60, ರಿವಿಷನ್‌ಗೆ 90. ಲಿಮಿಟೇಷನ್ ಕಾಯ್ದೆಯ 12ನೇ ಕಲಂನಲ್ಲಿ ಕಳೆಯಲು ಬರುವುದು ನಕಲಿಗೆ ನಿಜಕ್ಕೂ ಬೇಕಾದ ಸಮಯ. ಶುಲ್ಕ ಕೇಳಿದ ಮೇಲೆ ನೀವು ಕಟ್ಟದೆ ಬಿಟ್ಟ ದಿನಗಳು ನಿಮ್ಮ ತಲೆಗೇ. ಸಿದ್ಧವಾದ ಮೇಲೆ ಒಯ್ಯದೆ ಬಿಟ್ಟ ದಿನಗಳೂ ಹಾಗೆಯೇ. ಶಿಕ್ಷೆಯಾಗಿ ಜೈಲಿಗೆ ಹೋಗುವವನಿಗೆ ತೀರ್ಪಿನ ಪ್ರತಿ ಅಂದೇ ಪುಕ್ಕಟೆ ಸಿಗಬೇಕು, ಬಿಎನ್‌ಎಸ್‌ಎಸ್ 404(1). ಕೇಳದಿದ್ದರೆ ಮರೆಯುತ್ತಾರೆ.

ಹತ್ತು ರೂಪಾಯಿ ಐಪಿಒ:

ಆರ್‌ಟಿಐ ಬಗ್ಗೆ. ಕೋರ್ಟ್ ಕಡತದೊಳಗಿನ ಕಾಗದಕ್ಕೆ ಆರ್‌ಟಿಐ ಹಾಕಿ ಸಮಯ ಹಾಳು ಮಾಡಬೇಡಿ. 2020ರ ಮಾರ್ಚ್ 4ರಂದು ಗುಜರಾತ್ ಹೈಕೋರ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮುಗಿಸಿದೆ: ನ್ಯಾಯಾಂಗ ಕಡತದ ನಕಲಿಗೆ ಕೋರ್ಟಿನ ನಿಯಮಗಳೇ ದಾರಿ. ಚಾರ್ಜ್‌ಶೀಟ್ ಎಲ್ಲರಿಗೂ ತೆರೆದ ಸಾರ್ವಜನಿಕ ದಾಖಲೆಯಲ್ಲ ಎಂದು 2023ರ ಜನವರಿ 20ರ ಸೌರವ್ ದಾಸ್ ತೀರ್ಪು. ಆರೋಪಿಯ ಹಕ್ಕಿಗೆ ಅದರಿಂದ ಏನೂ ಕಡಿಮೆಯಾಗಿಲ್ಲ. ಅದು ಊರವರಿಗೆ, ಪತ್ರಿಕೆಯವರಿಗೆ ಸಂಬಂಧಿಸಿದ್ದು. ಆದರೂ ಕೆಲವು ಠಾಣೆಗಳಲ್ಲಿ ಅದನ್ನೇ ಆರೋಪಿಯ ವಕೀಲರಿಗೂ ಓದಿ ಹೇಳುತ್ತಾರೆ!

ಎಫ್‌ಐಆರ್ ಬೇರೆ ಕಥೆ. 2016ರ ಸೆಪ್ಟೆಂಬರ್ 7ರ ಯೂತ್ ಬಾರ್ ಅಸೋಸಿಯೇಷನ್ ತೀರ್ಪಿನ ಪ್ರಕಾರ 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು, ನೆಟ್ ತೊಂದರೆಯಿದ್ದರೂ 72 ಗಂಟೆ ಮೀರಬಾರದು. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ, ಆ ತೀರ್ಮಾನ ಡಿವೈಎಸ್‌ಪಿಗಿಂತ ಕೆಳಗಿನವರದ್ದಾಗಿರಬಾರದು. ಎಫ್‌ಐಆರ್ ಮ್ಯಾಜಿಸ್ಟ್ರೇಟರಿಗೆ ತಲುಪಿದ ಮೇಲೆ ಆರೋಪಿ ಪರ ನಕಲು ಅರ್ಜಿ ಹಾಕಿದರೆ ಎರಡು ಕೆಲಸದ ದಿನಗಳಲ್ಲಿ ಕೋರ್ಟೇ ಕೊಡಬೇಕು. ಅರ್ಜಿಯ ಮೇಲ್ಭಾಗದಲ್ಲಿ ಆ ತೀರ್ಪಿನ ಹೆಸರು ಬರೆದರೆ ಸಾಕು, ವಾದ ಬೇಕಿಲ್ಲ.

ಹಾಗಾದರೆ ಆರ್‌ಟಿಐ ಯಾವುದಕ್ಕೆ? ಚಾರ್ಜ್‌ಶೀಟಿಗೆ ಸೇರದ, ಆದರೆ ಠಾಣೆಯಲ್ಲಿ ದಿನವೂ ಬರೆಯುವ ಪುಸ್ತಕಗಳಿಗೆ. ಜೀಪಿನ ಲಾಗ್ ಬುಕ್, ಆ ದಿನದ ಡ್ಯೂಟಿ ಹಂಚಿಕೆ, ಠಾಣಾ ದಿನಚರಿಯ ಸಂಬಂಧಪಟ್ಟ ಪುಟ. ಮಹಜರು ಬೆಳಿಗ್ಗೆ 7ರಿಂದ 8 ಎಂದಿದ್ದು ಲಾಗ್ ಬುಕ್ಕಿನಲ್ಲಿ ಜೀಪು 9ಕ್ಕೆ ಹೊರಟಿದ್ದರೆ ಬೇರೇನೂ ಬೇಡ. ಕೇಸ್ ಡೈರಿ (ತನಿಖಾಧಿಕಾರಿ ಬರೆಯುವ ತನಿಖೆಯ ದಿನಚರಿ) ಮಾತ್ರ ಕೇಳಬೇಡಿ, ಬಿಎನ್‌ಎಸ್‌ಎಸ್ 192ರ ಅಡ್ಡಿ ಇದೆ. ತನಿಖಾಧಿಕಾರಿ ಸಾಕ್ಷಿಕಟ್ಟೆಯಲ್ಲಿ ನೆನಪಿಗಾಗಿ ಅದನ್ನು ನೋಡಿದರೆ ಆಗ ನಿಮ್ಮ ಸರದಿ.

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ. ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ಲಾಗ್ ಬುಕ್ಕಿಗೆ ಒಂದು ಅರ್ಜಿ, ಡ್ಯೂಟಿ ಪುಸ್ತಕಕ್ಕೆ ಇನ್ನೊಂದು. ಎರಡನ್ನೂ ಸೇರಿಸಿದರೆ ಆ ಒಂದೇ ನೆಪಕ್ಕೆ ತಳ್ಳಿಹಾಕುತ್ತಾರೆ. ‘ಏಕೆ, ಯಾರು ಅನುಮತಿ ಕೊಟ್ಟರು’ ಎಂಬ ಪ್ರಶ್ನೆ ಬೇಡ. ‘ದಿ. …ರ ಪುಟದ ದೃಢೀಕೃತ ಪ್ರತಿ’ ಎಂದು ಕೇಳಿ. 8(1)(ಎಚ್) ಹೇಳಿದವರಿಗೆ ಮೊದಲ ಮೇಲ್ಮನವಿ 30 ದಿನದೊಳಗೆ. ಅದರಲ್ಲಿ ಎರಡೇ ಅಂಶ: ಚಾರ್ಜ್‌ಶೀಟ್ ಸಲ್ಲಿಕೆಯಾಗಿದೆ, ತನಿಖೆಗೆ ಹೇಗೆ ಅಡ್ಡಿ ಎಂದು ಪಿಐಒ (ಮಾಹಿತಿ ಅಧಿಕಾರಿ) ಕಾರಣ ಕೊಟ್ಟಿಲ್ಲ. ತನಿಖೆ ಇದೆ ಎಂದ ಮಾತ್ರಕ್ಕೆ ನಿರಾಕರಿಸಲಾಗದು ಎಂದು ದೆಹಲಿ ಹೈಕೋರ್ಟ್ 2007ರಲ್ಲೇ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಎರಡನೇ ಮೇಲ್ಮನವಿ 90 ದಿನದೊಳಗೆ ಆಯೋಗಕ್ಕೆ. ಅಲ್ಲಿ ತಡವಾಗುತ್ತದೆ, ಅದನ್ನು ನಂಬಿ ವಿಚಾರಣೆ ನಡೆಸಬೇಡಿ.

ಠಾಣೆಯ ಸಿಸಿಟಿವಿಗಂತೂ ಆರ್‌ಟಿಐ ತೀರಾ ನಿಧಾನ. 2020ರ ಡಿಸೆಂಬರ್ 2ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪು 18 ತಿಂಗಳು, ಅಷ್ಟು ಸಾಮರ್ಥ್ಯದ ಉಪಕರಣ ಇಲ್ಲದಿದ್ದರೆ ಕನಿಷ್ಠ ಒಂದು ವರ್ಷ, ದೃಶ್ಯ ಇಡಬೇಕು ಎನ್ನುತ್ತದೆ. ಆದರೆ ‘ಡಿವಿಆರ್ ಕೆಟ್ಟಿತ್ತು’ ಎಂಬ ಉತ್ತರಕ್ಕೆ ತಯಾರಿರಿ. ಬಂಧನದ ವಾರದಲ್ಲೇ ಎಸ್‌ಪಿಗೆ ರಿಜಿಸ್ಟರ್ಡ್ ಪೋಸ್ಟ್, ಮ್ಯಾಜಿಸ್ಟ್ರೇಟರಿಗೆ ‘ಕಾಪಿಡಲು’ ಅರ್ಜಿ. ‘ಹಾಜರುಪಡಿಸಲು’ ಎಂದರೆ ಚಾರ್ಜ್ ಹಂತದಲ್ಲಿ ಆರೋಪಿ ದಾಖಲೆ ತರಿಸುವಂತಿಲ್ಲ ಎಂಬ ದೇಬೇಂದ್ರನಾಥ ಪಾಧಿ ತೀರ್ಪನ್ನು ಎದುರಿಗಿಡುತ್ತಾರೆ. ಕಾಪಿಡಲು ಎಂದರೆ ಆ ತಕರಾರಿಗೆ ಜಾಗವಿಲ್ಲ. ಚಾರ್ಜ್ ಹಂತದಲ್ಲೇ ತರಿಸಲೇಬೇಕಾದ, ತನಿಖಾಧಿಕಾರಿ ಬಚ್ಚಿಟ್ಟ ಗಟ್ಟಿ ದಾಖಲೆಯಿದ್ದರೆ 2017ರ ನಿತ್ಯ ಧರ್ಮಾನಂದ ತೀರ್ಪು ಓದಿ. ರಾಮನಗರದ ಕೇಸಿನಿಂದ ಬಂದದ್ದು, ನಮ್ಮ ಕೋರ್ಟುಗಳಿಗೆ ಚೆನ್ನಾಗಿ ಗೊತ್ತು.

ಕೊನೆಗೆ ಒಂದು ಮಾತು, ಆರ್‌ಟಿಐ ಪ್ರತಿ ಕೈಗೆ ಬಂದ ಮಾತ್ರಕ್ಕೆ ಅದು ನಿಶಾನೆ ಡಿ-1 (ಆರೋಪಿ ಪರ ಗುರುತಿಸಿದ ಸಾಕ್ಷ್ಯ) ಆಗುವುದಿಲ್ಲ. ತನಿಖಾಧಿಕಾರಿಗೆ ತೋರಿಸಿ ಒಪ್ಪಿಸಿ, ಇಲ್ಲವೆ ಮೂಲ ಪುಸ್ತಕದ ಸಮೇತ ಅದನ್ನು ಇಟ್ಟುಕೊಂಡವರಿಗೆ ಸಮನ್ಸ್ ಮಾಡಿಸಿ.

ಧಾರವಾಡ ಕಡೆಯಾಂವ:

ಕಟ್ಟೆ ಸರ್ ಹೇಳಿದ್ದು ಖರೇ, ಆದರ ಒಂದು ತಕರಾರು ಅದ. ಎಲ್ಲಾ ಒಂದ ಅರ್ಜಿಯೊಳಗ ತುರುಕಬ್ಯಾಡ್ರಿ. ಹೇಳಿಕೆ, ಮಹಜರು ಪುಟಕ್ಕ ಮೆಮೊ ಸಾಕು, ಎಪಿಪಿ ಅಲ್ಲೇ ನಿಂತು ‘ಕೊಡಸ್ತೀನಿ’ ಅಂತಾರ. ಪೆನ್‌ಡ್ರೈವ್ ಮತ್ತ ಅವಲಂಬಿಸದ ದಾಖಲೆ ಪಟ್ಟಿಗೆ ಬ್ಯಾರೆ ಅರ್ಜಿ. ಕೂಡಿಸಿ ಹಾಕಿದರ ಎಲ್ಲಾದಕ್ಕೂ ಸೇರಿ ಆಕ್ಷೇಪಣೆಗೆ ಎರಡು ವಾಯಿದೆ ಹೋಗತಾವ, ಸುಮ್ಮ ಸಿಗೋದೂ ಸಿಗಂಗಿಲ್ಲ.

ಎಪಿಪಿ ಜೋಡಿ ಜಗಳಾ ಮಾಡಿ ಉಪಯೋಗ ಇಲ್ಲ. ತಾಲ್ಲೂಕಿನ ಎಪಿಪಿ ಇಲಾಖೆ ನೌಕರರು, ಇವತ್ತ ಇಲ್ಲಿ, ನಾಳೆ ವರ್ಗ. ಭಾಳ ಸಲ ಒಬ್ಬರ ಮ್ಯಾಲ ಎರಡು ಮೂರು ಕೋರ್ಟು ಇರತಾವ. ನಿಮ್ಮ ಚಾರ್ಜ್‌ಶೀಟ್ ಅವರೂ ಪೂರಾ ಓದಿರಂಗಿಲ್ಲ. ಏನು ಇಲ್ಲ ಅನ್ನೋ ಪಟ್ಟಿ ನೀವ ಬರದು ಕೊಟ್ಟರ ಅವರು ಅದನ್ನ ಠಾಣೆಗೆ ಕಳಸತಾರ.

ಅಧ್ಯಕ್ಷರ ಮಾತು. ಅವರು ಎದುರಿಗೆ ಅದಾರ ಅಂತ ಹೆದರಬ್ಯಾಡ್ರಿ, ಅವರ ಹೆಸರು ತಗೊಂಡು ಏನೂ ಬರೀಲೂಬ್ಯಾಡ್ರಿ. ಅವರು ಯಾವ ಹಕ್ಕಿನ ಮ್ಯಾಲ ನಿಂತಾರ ಅದನ್ನ ನೋಡ್ರಿ. ಪಿರ್ಯಾದಿ ಕಡೆ ಖಾಸಗಿ ವಕೀಲರು ಬಿಎನ್‌ಎಸ್‌ಎಸ್ 338(2)ರ ಪ್ರಕಾರ ಎಪಿಪಿ ಹೇಳಿದಂಗ ನಡೀಬೇಕು, ಸಾಕ್ಷಿ ಮುಗದ ಮ್ಯಾಲ ಕೋರ್ಟಿನ ಅನುಮತಿ ತಗೊಂಡು ಲಿಖಿತ ವಾದ ಕೊಡಬಹುದು. ತಾವ ಮುಂದ ನಿಂತು ಕೇಸು ನಡಸಬೇಕಂದರ 339ರ ಅನುಮತಿ ಬೇಕು. ಆರ್ಡರ್ ಶೀಟಿನೊಳಗ ಅಂಥ ಅನುಮತಿ ಅದನೋ ಇಲ್ಲೋ? ಇಲ್ಲಂದರ, ಅವರು ಮಾತಾಡಲಿಕ್ಕೆ ಎದ್ದಾಗ ‘ಎಪಿಪಿಯವರ ವಾದ ಕೇಳೋಣ ಸ್ವಾಮಿ’ ಅಂತ ಒಂದ ಮಾತು. ಇದು ಕಾಯ್ದೆ, ಜಗಳಾ ಅಲ್ಲ. ಹೊರಗ ಬಂದು ಚಹಾ ಕುಡೀಲಿಕ್ಕೂ ಅಡ್ಡಿ ಇಲ್ಲ.

‘ಸಾಹೇಬರಿಗೆ ಬೇಕಾದವರು’ ಅನ್ನೋದು ಕ್ಯಾಂಟೀನ್ ಮಾತು. ಅದರ ಮ್ಯಾಲ ಕೇಸು ವರ್ಗಾವಣೆ ಕೇಳಿದರ ನಿಮ್ಮ ಕಕ್ಷಿದಾರಗ ಹಾನಿ. 448ರಾಗ ವರ್ಗಾವಣೆಗೆ ಸೆಷನ್ಸ್ ಜಡ್ಜರ ಕಡೆ ಹೋಗಬೇಕಂದರ ಕಾಗದ ಬೇಕು: ನಿಮ್ಮ ಮೆಮೊ ಹಾಕಿದ ದಿನ, ಅದರ ಮ್ಯಾಲ ಆದೇಶ ಇಲ್ಲದ ಹೋದ ವಾಯಿದೆಗಳು, ಅದ ಅವಧಿಯೊಳಗ ಎದುರಿನವರ ಅರ್ಜಿ ಮ್ಯಾಲ ಆದ ಆದೇಶಗಳು. ಎರಡೂ ಕಡೆ ಆರ್ಡರ್ ಶೀಟಿನ ದೃಢೀಕೃತ ನಕಲು ಇಟ್ಟರ ಯಾರನ್ನೂ ಬಯ್ಯೋದು ಬೇಕಾಗಂಗಿಲ್ಲ. ನ್ಯಾಯಾಧೀಶರ ಮ್ಯಾಲ ಹೈಕೋರ್ಟ್ ವಿಜಿಲೆನ್ಸಿಗೆ ಬರೆಯೋದು ಪೂರಾ ಬ್ಯಾರೆ ಮಾತು. ಪ್ರಮಾಣಪತ್ರ, ಪುರಾವೆ ಇಲ್ಲದ ಅದರ ಹತ್ತಿರ ಹೋಗಬ್ಯಾಡ್ರಿ.

ಸಂಘದ ಬಹಿಷ್ಕಾರದ ದಿನ ಗಮನ ಇರಲಿ. 2002ರ ಹರೀಶ್ ಉಪ್ಪಲ್ ತೀರ್ಪಿನ್ಯಾಗ ವಕೀಲರಿಗೆ ಮುಷ್ಕರದ ಹಕ್ಕಿಲ್ಲ ಅಂತ ಬಂದದ, ಆದರೂ ಊರಾಗ ನಡೀತದ. ಅವತ್ತ ಆರೋಪಿ ಬರಲಿಲ್ಲ, 355ರ (ಹಾಜರಿ ವಿನಾಯಿತಿ) ಅರ್ಜಿನೂ ಇಲ್ಲಂದರ ಎನ್‌ಬಿಡಬ್ಲ್ಯು (ಜಾಮೀನುರಹಿತ ವಾರಂಟ್) ಆಗತದ. ಬಹಿಷ್ಕಾರ ಅದನ್ನ ತಡೆಯಂಗಿಲ್ಲ. ಆರೋಪಿನ್ನ ಬೆಳಿಗ್ಗೆ 11ಕ್ಕ ಹಾಜರ್ ಇಡ್ರಿ. ಇನ್ನ ‘ಇಂಥಾ ಆರೋಪಿ ಪರ ಯಾರೂ ವಕಾಲತ್ತು ಹಾಕಬಾರದು’ ಅನ್ನೋ ಠರಾವು ಬಂದರ, 2010ರ ಮೊಹಮ್ಮದ್ ರಫಿ ತೀರ್ಪಿನಿಂದ ಅದು ಕಾಗದದ ಚೂರು. 2020ರಾಗ ಹುಬ್ಬಳ್ಳಿಯೊಳಗ ಇಂಥಾದ್ದು ಆಗಿ ಹೈಕೋರ್ಟ್ ಕಟುವಾಗೇ ಮಾತಾಡ್ತು.

ರಾಷ್ಟ್ರೀಯ ಲೋಕ ಅದಾಲತ್ ಹತ್ತಿರ ಬಂದಾಗ ‘ತಪ್ಪು ಒಪ್ಪಿಕೊಳ್ಳಲಿ, ದಂಡ ಕಟ್ಟಿ ಹೋಗಲಿ’ ಅಂತ ಎಲ್ಲಾ ಕಡೆಯಿಂದ ಒತ್ತಡ ಬರತದ. ರಾಜಿ ಮಾಡಿಕೊಂಡರ 359(8)ರಾಗ ಅದು ಖುಲಾಸೆ. ತಪ್ಪೊಪ್ಪಿಗೆ ಅಂದರ ಅಪರಾಧಿ ಅಂತ ದಾಖಲೆ, ನಾಳೆ ಪೊಲೀಸ್ ವೆರಿಫಿಕೇಶನ್ ಬಂದಾಗ ಹೊರಗ ಬೀಳತದ. ಎರಡೂ ಒಂದ ದಿನ, ಒಂದ ಟೇಬಲ್ ಮ್ಯಾಲ ಆಗೋದರಿಂದ ಕಕ್ಷಿದಾರಗ ಫರಕ ತಿಳಿಯಂಗಿಲ್ಲ. ನೀವ ತಿಳಿಸಿ ಹೇಳ್ರಿ.

ಹೊಸ ಸನ್ನದು:

ಎಲ್ಲರಿಗೂ ಧನ್ಯವಾದ. ಮೆಮೊ ಮತ್ತು ಅರ್ಜಿ ಬೇರೆ ಬೇರೆ ಮಾಡುತ್ತೇನೆ. ಇನ್ನೊಂದು ಕೇಸಿನದು: ಆರೋಪಿ ನ್ಯಾಯಾಂಗ ಬಂಧನದಲ್ಲಿ, 60 ದಿನದ ಅಪರಾಧ (ಅಷ್ಟರೊಳಗೆ ಚಾರ್ಜ್‌ಶೀಟ್ ಬಾರದಿದ್ದರೆ ಜಾಮೀನಿನ ಹಕ್ಕು). ಚಾರ್ಜ್‌ಶೀಟ್ ‘ಬಂದಿದೆ’ ಎಂದು ಕೋರ್ಟ್ ಪಿ.ಸಿ. ಹೇಳುತ್ತಾರೆ, ಸಿ.ಸಿ. ನಂಬರ್ ಇಲ್ಲ. ಗಡುವಿನೊಳಗೆ ಬಂದಿದೆಯೇ ಎಂದು ದಾಖಲೆಯಿಂದ ತಿಳಿಯುವುದು ಹೇಗೆ?

ನಿವೃತ್ತ ಶಿರಸ್ತೇದಾರ:

ಸಿ.ಸಿ. ನಂಬರ್ ನೋಡಬೇಡಿ. ಅದು ಪರಿಶೀಲನೆ ಮುಗಿದು ಸಾಹೇಬರು ಕಾಗ್ನಿಜೆನ್ಸ್ ತೆಗೆದುಕೊಂಡ (ಅಪರಾಧವನ್ನು ವಿಚಾರಣೆಗೆ ಪರಿಗಣಿಸಿದ) ಮೇಲೆ ಬೀಳುವುದು. ಇ-ಕೋರ್ಟ್ಸ್‌ನಲ್ಲಿ ಎಫ್‌ಐಆರ್ ನಂಬರ್ ಹಾಕಿ ಹುಡುಕಿ. ಫೈಲಿಂಗ್ ದಿನಾಂಕ, ರಿಜಿಸ್ಟ್ರೇಷನ್ ದಿನಾಂಕ ಎಂದು ಎರಡು ಕಾಣುತ್ತವೆ, ನಿಮಗೆ ಬೇಕಾದ್ದು ಮೊದಲನೆಯದು. ಅದು ಕೂಡ ಸಿಬ್ಬಂದಿ ನಮೂದಿಸಿದ್ದು. ಗಟ್ಟಿ ಸಾಕ್ಷ್ಯವೆಂದರೆ ಚಾರ್ಜ್‌ಶೀಟಿನ ಮೊದಲ ಪುಟದ ಮೇಲಿನ ಸ್ವೀಕೃತಿ ಮೊಹರು, ಅದರ ಪಕ್ಕದ ಕಿರುಸಹಿ, ಮತ್ತು ಸ್ವೀಕೃತಿ ರಿಜಿಸ್ಟರಿನ ಕ್ರಮಸಂಖ್ಯೆ. ಹಿಂದಿನ, ಮುಂದಿನ ಕ್ರಮಸಂಖ್ಯೆಗಳ ದಿನಾಂಕದೊಂದಿಗೆ ತಾಳೆಯಾಗದಿದ್ದರೆ ಅಲ್ಲಿ ಏನೋ ಆಗಿದೆ ಎಂದು ಅರ್ಥ. ಮೊದಲ ಪುಟ ಮತ್ತು ರಿಮ್ಯಾಂಡ್ (ಬಂಧನಕ್ಕೆ ಒಪ್ಪಿಸಿದ) ಆರ್ಡರ್ ಶೀಟ್, ಎರಡರ ತುರ್ತು ನಕಲಿಗೆ ಇಂದೇ ಅರ್ಜಿ ಹಾಕಿ.

ಕಚೇರಿ ಕಟ್ಟೆ:

ದಿನ ಎಣಿಸುವಾಗ ರಿಮ್ಯಾಂಡ್ ಆದ ದಿನವನ್ನೂ ಸೇರಿಸಿ. 2023ರ ಮಾರ್ಚ್ 27ರ ಕಪಿಲ್ ವಾಧವಾನ್ ತೀರ್ಪು ಅದನ್ನು ಖಚಿತ ಮಾಡಿದೆ. ಮಾರ್ಚ್ 1ಕ್ಕೆ ರಿಮ್ಯಾಂಡ್ ಆಗಿದ್ದರೆ ಮಾರ್ಚಿನ 31, ಏಪ್ರಿಲಿನ 29, ಅಲ್ಲಿಗೆ 60. ಏಪ್ರಿಲ್ 30ರ ಬೆಳಿಗ್ಗೆ ಕೋರ್ಟ್ ಬಾಗಿಲು ತೆಗೆಯುವಾಗ ನೀವು ಕೌಂಟರಿನಲ್ಲಿರಬೇಕು. ಬಂಧನದ ದಿನದಿಂದ ಎಣಿಸುವುದು, ರಿಮ್ಯಾಂಡಿನ ಮರುದಿನದಿಂದ ಎಣಿಸುವುದು, ಎರಡೂ ತಪ್ಪು.

ಬಿಎನ್‌ಎಸ್‌ಎಸ್ 187(3)ರ ಜಾಮೀನು ಅರ್ಜಿಯ ಮೇಲೆ ದಿನಾಂಕದ ಜೊತೆ ಗಂಟೆಯನ್ನೂ ಬರೆಸಿಕೊಳ್ಳಿ. ಅರ್ಜಿ ಹಾಕಿದ ಕ್ಷಣಕ್ಕೆ ಹಕ್ಕು ಚಲಾಯಿಸಿದಂತೆ, ಆಮೇಲೆ ಚಾರ್ಜ್‌ಶೀಟ್ ತಂದರೂ ಅದು ಹೋಗದು ಎಂದು 2020ರ ಎಂ. ರವೀಂದ್ರನ್ ತೀರ್ಪು. 10.50ಕ್ಕೆ ನಿಮ್ಮ ಅರ್ಜಿ, 11.30ಕ್ಕೆ ಅವರ ಚಾರ್ಜ್‌ಶೀಟ್ ಎಂದು ದಾಖಲೆಯಲ್ಲಿ ಇದ್ದರೆ ವಾದ ಮುಗಿಯಿತು. ಎರಡರ ಮೇಲೂ ಬರೀ ದಿನಾಂಕ ಇದ್ದರೆ ಹೈಕೋರ್ಟಿನವರೆಗೂ ಹೋಗುತ್ತದೆ. ಕೌಂಟರಿನವರು ಗಂಟೆ ಬರೆಯಲು ಒಪ್ಪದಿದ್ದರೆ ಇ-ಫೈಲಿಂಗ್ ಮಾಡಿ, ಅದರ ಸ್ವೀಕೃತಿಯಲ್ಲಿ ಸಮಯ ತಾನಾಗಿ ಬರುತ್ತದೆ. ಆಮೇಲೆ ಕಾಗದದ ಪ್ರತಿ ಕೊಡಿ.

ಚಾರ್ಜ್‌ಶೀಟನ್ನು ಆಕ್ಷೇಪಣೆ ಹಾಕಿ ಠಾಣೆಗೆ ವಾಪಸ್ ಕಳಿಸಿ, ಗಡುವಿನ ನಂತರ ಮತ್ತೆ ಬಂದಿದ್ದರೆ 2018ರ ಅಚ್ಪಾಲ್ ವಿರುದ್ಧ ರಾಜಸ್ಥಾನ ತೀರ್ಪಿನ ಸಂಗತಿಗಳನ್ನು ನಿಮ್ಮ ಕೇಸಿನೊಂದಿಗೆ ಹೋಲಿಸಿ ನೋಡಿ. ವಾಪಸ್ ಹೋದದ್ದಕ್ಕೆ ಕಾಗದ ಬೇಕು, ಶಿರಸ್ತೇದಾರರ ಆಕ್ಷೇಪಣೆ ಚೀಟಿ ಇಲ್ಲವೆ ಆರ್ಡರ್ ಶೀಟಿನ ಸಾಲು. ಜಾಮೀನುದಾರರ ಆಧಾರ್, ಪಹಣಿ ಅರ್ಜಿಯ ದಿನವೇ ಜೊತೆಗಿರಲಿ. ಆದೇಶವಾಗಿಯೂ ಷರತ್ತು ಪೂರೈಸದೆ ದಿನ ತಳ್ಳಿದರೆ ಅಷ್ಟರಲ್ಲಿ ಬಂದ ಚಾರ್ಜ್‌ಶೀಟ್ ನಿಮಗೇ ತಿರುಗಿ ಬೀಳುತ್ತದೆ.